ಪಂಪಣ್ಣನ ಜೀಪು ಏನು ಕುಡಿಯುತ್ತದೆ?

ಪಂಪಣ್ಣನ ಜೀಪು ಒಂದು ಸಲವೂ ಕೆಮ್ಮದೆ ಮನೆ ಮುಂದೆ ಹಾದುಹೋದದ್ದೇ ತಡ, ಶಾಂತಪ್ಪನ ಬಾಯಲ್ಲಿದ್ದ ಚಹಾ ಕಹಿಯಾಯಿತು.

ರಂಗಂಪೇಟೆಯ ಆ ಓಣಿಯಲ್ಲಿ ಇದ್ದದ್ದು ಎರಡೇ ಜೀಪು. ಎರಡೂ ಸಿಕಂದರಾಬಾದಿನ ಮಿಲಿಟರಿ ಹರಾಜಿನಲ್ಲಿ ಒಂದೇ ದಿನ ಕೊಂಡವು. ಒಂದೇ ಹಸಿರು ಬಣ್ಣ, ಒಂದೇ ಚಪ್ಪಟೆ ಮೂತಿ. ಕಾಲುವೆ ನೀರು ಬಂದು ಹೊಲಗಳು ಬಣ್ಣ ಬದಲಾಯಿಸಿದ ಹೊಸತರಲ್ಲಿ ಶಾಂತಪ್ಪ, ಪಂಪಣ್ಣ ಜೋಡಿಯಾಗಿ ಹೋಗಿ ತಂದಿದ್ದರು. ಈಗ ಪಂಪಣ್ಣನದು ಬಂದರೆ ಬೀದಿಯ ಕೋಳಿಯೂ ತಲೆ ಎತ್ತುವುದಿಲ್ಲ. ಶಾಂತಪ್ಪನದು ಬಂದರೆ ಹೆಂಗಸರು ಒಣಹಾಕಿದ ಬಟ್ಟೆಯನ್ನು ಒಳಗೆ ಒಯ್ಯುತ್ತಾರೆ.

ಕಾರಣ ಸೀಮೆಎಣ್ಣೆ. ಕಾಲುವೆ ದಂಡೆಯ ಹಳೆಯ ಪಂಪಿನ ಎಂಜಿನ್ನುಗಳನ್ನು ಆ ಕಡೆ ಎಲ್ಲರೂ ನಡೆಸುವುದೇ ಹಾಗೆ. ಪೆಟ್ರೋಲ್ ಕುಡಿಸಿ ಎಬ್ಬಿಸುವುದು, ಮೈ ಕಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬಿಡುವುದು. ಶಾಂತಪ್ಪ ಜೀಪಿಗೂ ಅದೇ ಎರಡು ನಲ್ಲಿ ಕೂಡಿಸಿದ್ದ. ಕಾದ ಎಂಜಿನ್ನಿಗೆ ತಾನು ಏನು ಕುಡಿಯುತ್ತಿದ್ದೇನೆ ಎಂಬ ಖಬರು ಇರುವುದಿಲ್ಲ ಎಂಬುದು ಅವನ ನಂಬಿಕೆ. ಜೀಪಿಗೆ ಖಬರಿತ್ತು. ಏರು ಬಂದರೆ ಕಟಕಟ ಹಲ್ಲು ಕಡಿಯುತ್ತಿತ್ತು, ಇಳಿಜಾರಿನಲ್ಲಿ ಕರಿ ಹೊಗೆ ಉಗುಳುತ್ತಿತ್ತು.

"ಪಂಪಣ್ಣ ಜೀಪ್ ತೊಳ್ಯಾಕ ಕಾಲುವಿಗೆ ಹೊಂಟಾನ," ಎಂದಳು ಹೆಂಡತಿ ಭಾಗಮ್ಮ, ರೊಟ್ಟಿ ಬಡಿಯುತ್ತ. "ಇವತ್ತ ಗಂಗಮ್ಮಗ ಉಡಿ ತುಂಬೋದಲ್ರಿ? ಈ ಸಲಾನೂ ರುಮಾಲು ಅವಂಗೇ ಬಿಡ್ರಿ."

ಆ ಮಾತು ಶಾಂತಪ್ಪನಿಗೆ ಮುಳ್ಳಿನಂತೆ ನಾಟಿತು. ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ದಿನ ಹಿರಿಯ ಮುತ್ತೈದೆಯೊಬ್ಬಳು ತೂಬಿನ ಹತ್ತಿರ ಗಂಗಮ್ಮನಿಗೆ ಉಡಿ ತುಂಬಬೇಕು. ಕಾಲುವೆಯ ಎಂಜಿನಿಯರ್ ಸಾಹೇಬರು ಬಂದ ಮೇಲೆ ಆ ಹಕ್ಕು ಅವರ ಮನೆಯಲ್ಲೇ ಇದ್ದ ಅತ್ತೆಯವರದಾಗಿತ್ತು. ಅವರನ್ನು ಕಾಲುವೆ ನೌಕರರ ಕ್ಯಾಂಪಿನಿಂದ ಕರೆತಂದ ಗಾಡಿಯವನಿಗೆ ಊರಿನವರು ಜರಿಯ ರುಮಾಲು ಸುತ್ತುತ್ತಾರೆ. ತೂಬಿನ ಚಕ್ರಕ್ಕೆ ಮೊದಲ ಕೈ ಅವನದೇ. ಮೂರು ವರ್ಷದಿಂದ ಆ ರುಮಾಲು ಪಂಪಣ್ಣನ ಬೋಳುತಲೆಯ ಮೇಲೆ ಕೂತಿತ್ತು. ಹೋದ ವರ್ಷ ಶಾಂತಪ್ಪನೂ ತನ್ನ ಜೀಪು ಒಯ್ದು ಕ್ಯಾಂಪಿನ ಮುಂದೆ ನಿಲ್ಲಿಸಿದ್ದ. ಮೈಸೂರು ಕಡೆಯ ಆ ಅತ್ತೆಮ್ಮ ಮೂಗಿಗೆ ಸೆರಗು ಹಿಡಿದು, "ಅಯ್ಯೋ, ಇದೇನು, ನನ್ನ ಸ್ಟೋವ್ ಮೇಲೆ ಕೂರಿಸ್ತೀರಾ?" ಎಂದಿದ್ದರು. ಆ ಮಾತು ಸುರಪುರದಿಂದ ಶಹಾಪುರಕ್ಕೆ ಬಸ್ಸಿಗಿಂತ ಮೊದಲೇ ಮುಟ್ಟಿತ್ತು.

"ಒಂದ ದಿನ ಬರೇ ಪೆಟ್ರೋಲ್ ಹಾಕ್ರಲ್ಲ," ಎಂದಳು ಭಾಗಮ್ಮ.

"ಪಂಪಣ್ಣ ಬರೇ ಪೆಟ್ರೋಲ್ ಹಾಕ್ತಾನಂತಿ ಏನು? ಬೆಂಕಿಕಡ್ಡಿ ಸೀಳಿ ಎರಡ ಸಲ ಗೀರೋ ಮನಶಾ ಅವ! ಏನೋ ಬೆರಸ್ತಾನ. ಯಾರಿಗೂ ಹೇಳಾಂಗಿಲ್ಲ. ನನಗ ಅದು ಬೇಕು."

ಮತ್ಸರ ತಲೆಗೇರಿದವನಿಗೆ ನೇರ ದಾರಿ ಕಾಣುವುದಿಲ್ಲ. ಶಾಂತಪ್ಪ ಸೀದಾ ಮಿಲಿಟರಿ ನಾಗಣ್ಣನ ಮನೆಗೆ ಹೋದ. ನಾಗಣ್ಣ ಫೌಜಿನಿಂದ ಪಿಂಚಣಿ ಪಡೆದು ಬಂದವನು. ಮೀಸೆಯನ್ನು ಇನ್ನೂ ಸರ್ಕಾರಿ ಸಾಮಾನಿನಂತೆ ಜೋಪಾನ ಮಾಡುತ್ತಿದ್ದ.

"ಮಿಲ್ಟ್ರಿ ಗಾಡಿ ಅಂದ್ರ ಮರಳುಗಾಡಿನ ಒಂಟಿ ಇದ್ದಂಗೋ ತಮ್ಮಾ. ಏನ್ ಕೊಟ್ರೂ ತಿಂತದ, ಆದ್ರ ಪಚನ ಆಗಬೇಕು. ಸೀಮೆಎಣ್ಣಿಗೆ ಡಾಂಬರ್ ಗುಳಿಗಿ ಹಾಕು, ಗುಂಡಿನಂಗ ಓಡ್ತದ."

"ಎಷ್ಟ್ ಹಾಕೂಣು?"

"ರುಚಿಗೆ ತಕ್ಕಷ್ಟು."

ನಾಗಣ್ಣ ಫೌಜಿನಲ್ಲಿ ಇಪ್ಪತ್ತು ವರ್ಷ ಅಡುಗೆಭಟ್ಟನಾಗಿದ್ದ ಎಂಬುದು ಶಾಂತಪ್ಪನಿಗೆ ನೆನಪಾದದ್ದು ಮುಷ್ಟಿ ತುಂಬ ಗುಳಿಗೆಗಳನ್ನು ಟಾಕಿಗೆ ಸುರಿದ ಮೇಲೆ. ಜೀಪು ಎರಡು ಸಲ ಸೀನಿ, ಮೂರನೆಯದಕ್ಕೆ ಢಂ ಎಂದಿತು. ಎದುರುಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಓಣಿಯ ತುಂಬ ಹಳೆಯ ಟ್ರಂಕು ತೆರೆದ ವಾಸನೆ.

ಎಮ್ಮೆಯ ಒಡತಿ ಗೌಹರಬೇಗಂ ಬೈಯಲು ಹೊರಬಂದವಳು, ಶಾಂತಪ್ಪನ ಮುಖ ನೋಡಿ ಕನಿಕರಪಟ್ಟಳು. "ಅರೆ ಭಾಯಿ, ನಿಂದು ತಕಲೀಫು ಗಾಡೀದಲ್ಲ, ವಾಸನೀದು. ಅದಕ್ಕ್ಯಾಕ ಇಷ್ಟು ಚಿಂತಿ? ನಮ್ಮವರು ಹೈದರಾಬಾದಿಂದ ತಂದಿದ್ದು ಗುಲಾಬಿ ಅತ್ತರ ಅದ. ನಾಲ್ಕು ಹನಿ ಹಾಕ್ಕೊ."

ಶಾಂತಪ್ಪ ಶೀಶೆಯನ್ನೇ ಟಾಕಿಗೆ ಬಗ್ಗಿಸಿದ. ಈಗ ಜೀಪಿನಿಂದ, ಮದುವೆಮನೆಯಲ್ಲಿ ಸ್ಟೋವ್ ಸಿಡಿದ ಹಾಗೆ ವಾಸನೆ ಬರತೊಡಗಿತು. ಭಾಗಮ್ಮ ಬಾಗಿಲು ಹಾಕಿಕೊಂಡು ಒಳಗಿನಿಂದ ನಗುವುದು ಕೇಳಿಸಿತು. ಶಾಂತಪ್ಪನ ಕಣ್ಣಲ್ಲಿ ನೀರು ಬಂತು. ಅತ್ತರಿಗೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ.

ಆಗಲೇ ಅವನ ದೃಷ್ಟಿ ಪಂಪಣ್ಣನ ಕಟ್ಟೆಯ ಮೇಲೆ ಬಿತ್ತು. ತೊಳೆದ ಜೀಪು ಹೊಳೆಯುತ್ತ ನಿಂತಿದೆ. ಪಕ್ಕದಲ್ಲಿ ಒಂದು ಮಿಲಿಟರಿ ಡಬ್ಬಿ, ಅದರ ಮೇಲೆ ಒದ್ದೆ ಗೋಣಿಚೀಲ. ಪಂಪಣ್ಣ ಅತ್ತಿತ್ತ ನೋಡಿ, ಗೋಣಿಯನ್ನು ಇನ್ನೊಂದಿಷ್ಟು ಎಳೆದು ಮುಚ್ಚಿ, ಊಟಕ್ಕೆ ಒಳಗೆ ಹೋದ.

ಶಾಂತಪ್ಪ ತಡಮಾಡಲಿಲ್ಲ. ಅಂಥದೇ ತನ್ನ ಡಬ್ಬಿಯ ತುಂಬ ಸೀಮೆಎಣ್ಣೆ ತಂದು ಗೋಣಿಯ ಕೆಳಗಿಟ್ಟ, ಪಂಪಣ್ಣನ ಡಬ್ಬಿಯನ್ನು ಧೋತರದ ಚುಂಗಿನಲ್ಲಿ ಮುಚ್ಚಿ ತಂದ. ಬಿರಡೆ ತೆಗೆದು ಮೂಸಿದ. ಪೆಟ್ರೋಲಿನ ವಾಸನೆಯೇ ಬಂತು. ಆದರೆ ಪಂಪಣ್ಣನದು ಯಾವುದೂ ಅಷ್ಟು ಸರಳ ಇರಲಾರದು, ಒಳಗೆ ಏನೋ ಮರ್ಮ ಇದ್ದೇ ಇದೆ ಎಂದು ಅವನು ಖಾತ್ರಿ ಮಾಡಿಕೊಂಡ. ಟಾಕಿಯನ್ನು ಬರಿದು ಮಾಡಿ, ಎರಡು ಸಲ ತೊಳೆದು, ತೀರ್ಥದಂತೆ ಅದನ್ನು ಸುರಿದ.

ಕೀಲಿ ತಿರುಗಿಸಿದ. ಜೀಪು ಕೆಮ್ಮಲಿಲ್ಲ, ಹಲ್ಲು ಕಡಿಯಲಿಲ್ಲ. ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಶಾಂತಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು.

ಅವನು ಶಹಾಪುರದ ದಾರಿಯ ಕ್ಯಾಂಪು ಮುಟ್ಟುವಾಗ ಪಂಪಣ್ಣನ ಜೀಪು ಕರಿ ಹೊಗೆಯ ನಡುವೆ ನಿಂತಿತ್ತು. ಅತ್ತೆಮ್ಮ ಉಡಿಯ ಬುಟ್ಟಿಯನ್ನು ಎದೆಗವಚಿಕೊಂಡು ದೂರ ಸರಿದಿದ್ದರು. "ಪಂಪಣ್ಣನೋರೇ, ನೀವೂನಾ? ನಂಗೆ ತಲೆ ಸುತ್ತುತ್ತೆ ಅಂತ ಗೊತ್ತಿಲ್ವಾ?"

ಪಂಪಣ್ಣ ತಲೆ ತಗ್ಗಿಸಿ ನಿಂತಿದ್ದ. ಶಾಂತಪ್ಪ ಆ ತಗ್ಗಿದ ತಲೆಯನ್ನು ಕಣ್ತುಂಬ ನೋಡಿದ. ತನ್ನ ಜೀಪಿನ ಬಾಗಿಲಪಟ್ಟಿ ಬಿಚ್ಚಿ, "ಬರ್ರಿ ಅಮ್ಮಾರೆ," ಎಂದ.

ಅತ್ತೆಮ್ಮ ಹತ್ತುವ ಮೊದಲು ಎಂಜಿನ್ನಿನ ಸುತ್ತ ಮೂಸಿದರು, ಹಿಂದಿನ ಹೊಗೆ ಕೊಳವೆಗೂ ಬಾಗಿ ಮೂಸಿದರು. "ಆಹಾ, ವಾಸನೇನೇ ಇಲ್ಲ!" ಎಂದು ಕೂತರು. ಏರು, ಇಳುಕಲು, ಕಾಲುವೆ ಏರಿಯ ದಿಬ್ಬ, ಎಲ್ಲವನ್ನೂ ಜೀಪು ರೈಲಿನಂತೆ ದಾಟಿತು. ತೂಬಿನ ಹತ್ತಿರ ಗಂಗಮ್ಮನಿಗೆ ಉಡಿ ತುಂಬಿದ್ದಾಯಿತು. ಜರಿಯ ರುಮಾಲು ಶಾಂತಪ್ಪನ ತಲೆ ಏರಿತು. ಅವನು ಚಕ್ರ ತಿರುವಿದಾಗ ನೀರು ಭೋರೆಂದು ಹೊರಬಿತ್ತು. ಜನರ ನಡುವೆ ಭಾಗಮ್ಮ ಬಾಯಿಗೆ ಸೆರಗು ಹಿಡಿದು ತನ್ನನ್ನೇ ನೋಡುತ್ತಿದ್ದದ್ದು ಕಂಡು, ಈ ಜನ್ಮಕ್ಕೆ ಇಷ್ಟು ಸಾಕು ಎನಿಸಿತು.

"ಅಳಿಯಂದ್ರೇ," ಎಂದರು ಅತ್ತೆಮ್ಮ ಸಾಹೇಬರಿಗೆ, ಎಲ್ಲರೆದುರಿಗೆ, "ಇನ್ಮೇಲೆ ನಂಗೆ ಶಾಂತಪ್ಪನೋರ ಜೀಪೇ ಆಗ್ಬೇಕು."

"ಆಗಲ್ರಿ ಅಮ್ಮಾರೆ! ಯಾವಾಗ ಕರೀರಿ, ಅವಾಗ ಬರ್ತೀನಿ. ಗಂಗಮ್ಮನಾಣಿ!" ಎಂದ ಶಾಂತಪ್ಪ, ಪಂಪಣ್ಣನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ.

"ಹಾಗಾದ್ರೆ ಈಗ್ಲೇ ಯಾದಗಿರಿ ಸ್ಟೇಷನ್ನಿಗೆ ಹೋಗೋಣ, ನನ್ನ ತಂಗಿ ಬರ್ತಾಳೆ. ನಾಳೆ ಅವಳಿಗೆ ಶಹಾಪುರದ ಮಲಗಿರೋ ಬುದ್ಧನ ಬೆಟ್ಟ ತೋರಿಸ್ಬೇಕು. ನಾಳಿದ್ದು ಗುರುಮಠಕಲ್ಲು. ಸಂತೆ ಹೇಗೂ ವಾರವಾರ ಇದ್ದೇ ಇದೆ. ಅವಳೂ ಇನ್ಮೇಲೆ ನಮ್ಮ ಜೊತೇನೇ ಇರ್ತಾಳೆ. ನೋಡಿ, ಅವಳ ಮೂಗು ನನಗಿಂತ ಸೂಕ್ಷ್ಮ."

"ಈಗ? ಇವತ್ತ ನಮ್ಮ ಹೊಲದ ನೀರಿನ ಪಾಳಿ ಅದರಿ..."

"ಗಂಗಮ್ಮನಾಣಿ ಇಟ್ರಲ್ಲ!" ಎಂದು ನಕ್ಕು ಅತ್ತೆಮ್ಮ ಬುಟ್ಟಿ ತರಲು ಹೋದರು.

ಶಾಂತಪ್ಪ ಜೀಪಿನ ಸ್ಟೇರಿಂಗ್ ಹಿಂದೆ ಕೂತು ಕಣ್ಣು ಪಿಳಿಪಿಳಿ ಬಿಟ್ಟ. ಪಂಪಣ್ಣ ನಿಧಾನವಾಗಿ ಬಂದು ಜೀಪಿನ ಮೂತಿಗೆ ಒರಗಿ ನಿಂತ. ಅವನ ಮುಖದಲ್ಲಿ ಸೋತವನ ಲಕ್ಷಣವೇ ಇರಲಿಲ್ಲ.

"ಡಬ್ಬಿ ಖಾಲಿ ಆಗೋಮಟ ಚಲೋ ಓಡ್ತದ," ಎಂದ ಮೆಲ್ಲಗೆ.

ಶಾಂತಪ್ಪ ಅವನತ್ತ ತಿರುಗಿದ. "ಗೊತ್ತಿತ್ತೇನು ನಿನಗ?"

"ಗೊತ್ತಿರದ ಏನು? ಕಿಟಕ್ಯಾಗ ನಿಂತು ರೊಟ್ಟಿ ತಿನಕೋತ ನೋಡಾಕತ್ತಿದ್ದೆ. ತಗೋ ಅಂತ ಕೈಯಾರೆ ಕೊಟ್ಟಿದ್ರ ನೀ ಮುಟ್ತಿರಲಿಲ್ಲ. ಮುಚ್ಚಿಟ್ಟದ್ದು ಕಂಡ್ರ ಬಿಡಾಂವಲ್ಲ ನೀ. ನಿನ್ನ ಸೀಮೆಎಣ್ಣಿ ಬೇಕಂತನ ಟಾಕಿಗೆ ಸುರಕೊಂಡು ಬಂದೆ. ಅಮ್ಮಾರನ್ನ ಕರಕೊಂಡು ಬರಾಕ ನಾನ ಒಲ್ಲೆ ಅಂದ್ರ ಸಾಹೇಬ್ರಿಗೆ ಬ್ಯಾಸರ. ಮೂರ ವರ್ಷ ಆಕಿನ್ನ ಹೊತ್ತು ತಿರುಗೀನಿ ಮಾರಾಯಾ. ನನ್ನ ಹೊಲದಾಗ ನೀರು ಬಂದದ್ದು ನನ್ನ ಕಣ್ಣಿಲೆ ಒಮ್ಮೀನೂ ನೋಡಿಲ್ಲ."

"ಅದು ಹಾಳಾಗಿ ಹೋಗಲಿ. ಅದರಾಗ ಏನ್ ಬೆರಸಿದ್ದಿ? ಅಷ್ಟರ ಹೇಳು."

"ಏನೂ ಇಲ್ಲೋ. ಬರೇ ಪೆಟ್ರೋಲು. ಆಕಿ ಮೂಗಿಗೆ ಬ್ಯಾರೆ ಏನೂ ನಡ್ಯಾಂಗಿಲ್ಲ. ಮ್ಯಾಲ ಅದರ ರೊಕ್ಕಾನೂ ನೀನ ಹಾಕಬೇಕು." ಪಂಪಣ್ಣ ಅವನ ರುಮಾಲನ್ನು ಪ್ರೀತಿಯಿಂದ ಸರಿಪಡಿಸಿದ. "ಚಲೋ ಒಪ್ತದ ನಿನಗ."

ಅತ್ತೆಮ್ಮ ಬಂದು ಕೂತರು. ಜೀಪು ಸದ್ದಿಲ್ಲದೆ ಏರಿಯ ಮೇಲೆ ಹೊರಟಿತು. ಸಂಜೆ ಬಿಸಿಲಿನಲ್ಲಿ ಹೊಸ ನೀರು ಕಾಲುವೆಯಿಂದ ಕವಲೊಡೆದು ಹೊಲಗಳಿಗೆ ಇಳಿಯುತ್ತಿತ್ತು. ಏರಿಯ ಕೆಳಗಿನ ತನ್ನ ಹೊಲಕ್ಕೆ ಆಗಲೇ ಇಳಿದಿದ್ದ ಪಂಪಣ್ಣ ಧೋತರ ಎತ್ತಿಕಟ್ಟಿ, ಮೊಣಕಾಲುಮಟ ಕೆಸರಿನಲ್ಲಿ ನಿಂತು, ಗುದ್ದಲಿಯಿಂದ ಮಡಿ ಕಡಿದು ನೀರು ಹಾಯಿಸುತ್ತ ತನಗೆ ತಾನೇ ಏನೋ ಗುನುಗುತ್ತಿದ್ದ. ಪಕ್ಕದ ಹೊಲ ಶಾಂತಪ್ಪನದು. ಅಲ್ಲಿ ಯಾರೂ ಇರಲಿಲ್ಲ. ಶಾಂತಪ್ಪ ತಿರುತಿರುಗಿ ನೋಡಿದ. ಕೆಸರಿನಲ್ಲಿ ನಿಲ್ಲುವಂಥ ಸುಖವೂ ಆ ಬೋಳುತಲೆಯವನಿಗೇ ಸಿಗಬೇಕೆ ಎಂದು ಅವನ ಹೊಟ್ಟೆ ಮತ್ತೆ ಉರಿಯತೊಡಗಿತು.

"ಶಾಂತಪ್ಪನೋರೇ," ಎಂದರು ಹಿಂದಿನಿಂದ ಅತ್ತೆಮ್ಮ, ಮೂಗರಳಿಸಿ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?"