ಕಾಕಾನ ಭಾನುವಾರದ ಕುಡಿತ

ನಮ್ಮ ಮನೆತನದಲ್ಲಿ ಕುಡುಕನೆಂಬ ಹೆಸರು ಗಳಿಸಿದವನು ನಮ್ಮ ಕಾಕಾ ಒಬ್ಬನೇ. ಅವನೋ ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಇಂಥ ಹೆಸರನ್ನು ಯಾರಾದರೂ ಸುಮ್ಮನೆ ಹೊತ್ತುಕೊಳ್ಳುತ್ತಾರೆಯೇ?

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಿಂದ ಕಾಲೇಜು ಓದಲು ಬಂದು, ವಿಲೆ ಪಾರ್ಲೆಯಲ್ಲಿ ಅವನ ಎರಡು ಖೋಲಿಯ ಮನೆಯಲ್ಲಿದ್ದೆ. ಕಾಕಾ, ಕಾಕು, ಅಜ್ಜಿ, ನಾನು. ಈರುಳ್ಳಿಯೂ ಹೊಸ್ತಿಲು ದಾಟದ ಮನೆ. ಪ್ರತಿ ಭಾನುವಾರ, ನಾಷ್ಟಾದ ಹೊತ್ತು ಮೀರಿ ಊಟದ ಹೊತ್ತಾಗದ ವೇಳೆಗೆ, ಕಾಕಾ ಕಾಕುವನ್ನು ಗುಡಿಗೆಂದು ಕರೆದೊಯ್ಯುತ್ತಿದ್ದ. ಮರಳುವಾಗ ಅವನ ಅಂಗಿಯ ತುಂಬ ರಮ್ ವಾಸನೆ.

"ಹೆಂಡ್ತೀನ್ನ ಗುಡಿಯೊಳಗ ಕೂಡಿಸಿ ಬಾರಿಗೆ ಹೋಗ್ತಾನ," ಎಂದು ಅಜ್ಜಿ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳುತ್ತಿದ್ದಳು.

ಒಂದು ಭಾನುವಾರ ಊರಿಂದ ನೆಂಟರು ಬಂದರು. ಇಬ್ಬರನ್ನೂ ಕರೆತರಲು ಅಜ್ಜಿ ನನ್ನನ್ನು ಓಡಿಸಿದಳು. ಗುಡಿಯಲ್ಲಿ ಕಾಕು ಇರಲಿಲ್ಲ. ಸ್ಟೇಷನ್ ಬಳಿಯ ಹಳೆಯ ಬಾರಿಗೆ ಹೋದೆ. ಅದೊಂದು ವಿಚಿತ್ರ ಜಾಗ. ಮುದಿ ಮಾಲೀಕ ಚಮಚಗಳನ್ನು ಕೆಟ್ಟ ಪಿಯಾನೋದೊಳಗೆ ಇಡುತ್ತಿದ್ದ. ಚಮಚ ಕೇಳಿದರೆ ಜೊತೆಗೊಂದು ಸ್ವರವೂ ಸಿಗುತ್ತಿತ್ತು. ಹಿಂದೆ ಫ್ಯಾಮಿಲಿ ರೂಮು. ಪರದೆ ಸರಿಸಿದರೆ ಕಾಕು ಆಮ್ಲೆಟ್ ಪಾವ್ ತಿನ್ನುತ್ತಿದ್ದಳು. ಎದುರಿಗೆ ಕಾಕಾ, ಬರೀ ಸೋಡಾ ಹಿಡಿದು.

ಕಾಕುವಿನ ಕೈ ಬಾಯಿಯ ಬಳಿಯೇ ನಿಂತಿತು.

"ಅಕೀ ಮೈಯಾಗ ರಕ್ತನ ಇಲ್ಲ," ಎಂದ ಕಾಕಾ. "ತತ್ತಿ ತಿನಸ್ರಿ ಅಂದಾರ ಡಾಕ್ಟರು. ಮನ್ಯಾಗ ಅವ್ವ ಬಿಡ್ತಾಳೇನು?"

"ಮತ್ತ ಆ ರಮ್ಮಿನ ವಾಸನಿ?"

"ಕಾಲರಿಗೆ ಎರಡು ಹನಿ ಹಚ್ಕೋತೀನಿ. ಅವ್ವನ ಮೂಗು ನನ್ನ ಕಡೆ ಬರ್ತದ, ಅಕೀ ಕಡೆ ಹೋಗೂದಿಲ್ಲ."

ಕಾಕು ನಕ್ಕಳು. "ಹೋದ ವಾರ ಭಾಳ ಹಚ್ಕೊಂಡಿದ್ರು. ಯಾರೋ ಕೈ ಹಿಡದು ರಸ್ತೆ ದಾಟಿಸಿದ್ರು."

ನಾನು ಬಾಯಿ ಬಿಡಲಿಲ್ಲ. ತಿಂಗಳೆರಡರಲ್ಲಿ ಕಾಕುವಿನ ಕೆನ್ನೆಗೆ ಒಂದಿಷ್ಟು ಬಣ್ಣ ಬಂತು. ಗುಡಿಯ ಪುಣ್ಯ ಎಂದಳು ಅಜ್ಜಿ.

ಮರುವರ್ಷದ ಮಳೆಗಾಲದಲ್ಲಿ ಕಾಕುವಿಗೆ ಜ್ವರ ಹಿಡಿಯಿತು. ಒಂಬತ್ತು ದಿನ ಇದ್ದು, ಹತ್ತನೆಯ ದಿನ ಜ್ವರದ ಜೊತೆಗೆ ಅವಳೂ ಹೋದಳು.

ಹದಿಮೂರನೆಯ ದಿನ ನೆಂಟರೆಲ್ಲ ಕೂತಿದ್ದಾಗ ಅಜ್ಜಿ ಅತ್ತಳು. "ಇವನ ಕುಡಿತಕ್ಕ ಕೊರಗಿ ಕೊರಗಿ ಸತ್ತಳು, ನನ್ನ ಬಂಗಾರದಂಥಾ ಸೊಸಿ."

ಎಲ್ಲರೂ ಕಾಕಾನತ್ತ ನೋಡಿದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಕಾಕಾ ನನ್ನ ತೋಳು ಹಿಡಿದು ಗ್ಯಾಲರಿಗೆ ಎಳೆದೊಯ್ದ.

"ಹೇಳಬ್ಯಾಡ."

"ಮಾಡದ ತಪ್ಪು ಯಾಕ ಹೊತ್ಗೋತಿ, ಕಾಕಾ?"

"ಹದಿನಾಲ್ಕು ವರ್ಷದಾಗ ಇವತ್ತ ಮೊದಲ್ನೇ ಸಲ ಅವ್ವ ಅಕೀಗೆ ಬಂಗಾರ ಅಂದಾಳ," ಎಂದ ಕಾಕಾ. "ಇರ್ಲಿ ಬಿಡು."

ಮುಖ ಒರೆಸಿಕೊಂಡು ಒಳಗೆ ಹೋಗಿ ಅಜ್ಜಿಯ ಕಾಲ ಬಳಿ ಕೂತ.