ಮಸ್ಕತ್ತಿಗೆ ಹೊರಟ ಎರಡು ಗಾಲಿಗಳು

ನಮ್ಮ ಸೋದರಮಾವನ ಕಣ್ಣಿಗೆ ಈ ಲೋಕದಲ್ಲಿ ನೆಟ್ಟಗಿರುವ ವಸ್ತು ಒಂದೂ ಬಿದ್ದಿರಲಿಲ್ಲ. ಹಾಗೆಂದ ಕೂಡಲೇ ಅವನನ್ನು ದೊಡ್ಡ ವೇದಾಂತಿ ಎಂದುಕೊಳ್ಳಬೇಡಿ. ಅವನು ಸೈಕಲ್ ರಿಪೇರಿಯವನು, ಅಷ್ಟೇ. ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ತಗಡಿನ ಅಂಗಡಿ. ಹಗಲೆಲ್ಲ ಸೊಟ್ಟಗಾದ ಗಾಲಿಗಳ ಬೆಂಡ್ ತೆಗೆದೂ ತೆಗೆದೂ, ದುಂಡಗಿರುವುದು ಏನು ಕಂಡರೂ ಒಂದು ಕಣ್ಣು ಮುಚ್ಚಿ ನೋಡುವ ಚಟ ಅಂಟಿಕೊಂಡಿತ್ತು. ರೊಟ್ಟಿಗೆ ಬೆಂಡ್, ಬೀಸುವ ಕಲ್ಲಿಗೆ ಬೆಂಡ್, ಹುಣ್ಣಿಮೆಯ ಚಂದ್ರನಿಗೂ ಎಡಗಡೆ ತುಸು ಬೆಂಡ್!

ನನಗೆ ಹೆಣ್ಣು ನೋಡಲು ಅತನೂರಿಗೆ ಹೋದಾಗ ಹಿರಿಯನೆಂದು ಇವನನ್ನು ಕರೆದೊಯ್ದಿದ್ದೆವು. ಹುಡುಗಿ ಬಂದು ಉಪ್ಪಿಟ್ಟಿನ ತಾಟು ಇಟ್ಟು ತಲೆ ತಗ್ಗಿಸಿ ನಿಂತಳು. ಮಾವ ಒಂದು ಕಣ್ಣು ಮುಚ್ಚಿ ತಾಟನ್ನು ದಿಟ್ಟಿಸಿ, ಎಲ್ಲರಿಗೂ ಕೇಳುವಂತೆ, "ಸ್ವಲ್ಪ ಬೆಂಡ್ ಅದರೀ. ಇರ್ಲಿ, ನಾ ತೆಗದು ಕೊಡ್ತೇನಿ" ಅಂದ. ತಾಟಿನ ಬಗ್ಗೆ ಹೇಳಿದ್ದೆಂದು ಹುಡುಗಿಯ ತಂದೆಗೆ ತಿಳಿಸಿ ಹೇಳುವಷ್ಟರಲ್ಲಿ ನಮ್ಮ ಚಪ್ಪಲಿಗಳು ಅಂಗಳದಿಂದ ರಸ್ತೆಗೆ ಬಂದಿದ್ದವು.

ಈ ಅಂಗಡಿಯಲ್ಲಿ ಮಾವನಿಗೆ ಒಬ್ಬ ಪಾಲುದಾರನಿದ್ದ, ರಸೂಲ್. ಇಬ್ಬರೂ ಓರಗೆಯವರು. ಹೊಸ ಗಾಲಿ ಕಟ್ಟುವಾಗ ಕಡ್ಡಿ ಹೆಣೆಯುವುದು ರಸೂಲನ ಕೆಲಸ, ಬೆಂಡ್ ತೆಗೆಯುವುದು ಮಾವನ ಕೆಲಸ. ಹದಿನೆಂಟು ವರ್ಷ ಹೀಗೇ ನಡೆಯಿತು. ಎಂಬತ್ತರ ದಶಕದಲ್ಲಿ ಊರಿಗೆ ಮೊಪೆಡ್‌ಗಳು ಬರತೊಡಗಿದಾಗ, ಅವುಗಳ ರಿಪೇರಿಯನ್ನೂ ಕಲಿಯೋಣವೆಂದು ರಸೂಲ್ ಹೇಳಿದ. "ಎಣ್ಣಿ ಕುಡಿಯೋ ಗಾಡಿ ನನ್ನ ಅಂಗಡಿ ಹತ್ತಂಗಿಲ್ಲ" ಅಂದ ಮಾವ. "ನಿನ್ನ ಅಂಗಡಿ?" ಎಂದು ಕೇಳಿದ ರಸೂಲ್, ಉತ್ತರಕ್ಕೆ ಕಾಯದೆ ಕೈ ಒರೆಸಿಕೊಂಡು ಹೊರಟ. ಎರಡು ತಿಂಗಳಲ್ಲಿ ಯಾರನ್ನೋ ಹಿಡಿದು ಮಸ್ಕತ್ತಿಗೂ ಹೋಗಿಬಿಟ್ಟ. ಹೋಗುವಾಗ ಊರಿಗೆಲ್ಲ ಹೇಳಿ ಹೋದ, ಮಾವನಿಗೆ ಮಾತ್ರ ಹೇಳಲಿಲ್ಲ.

ಎರಡು ವರ್ಷ ಮಾವ ಅವನ ಹೆಸರೆತ್ತಲಿಲ್ಲ. ಕಡ್ಡಿಯನ್ನೂ ತಾನೇ ಹೆಣೆಯುತ್ತಿದ್ದ, ಹೆಣೆಯುವಾಗೆಲ್ಲ ಯಾರನ್ನೋ ಬೈಯುತ್ತಿದ್ದ.

ಆಗ ನಾನು ಊರಿನ ಪೋಸ್ಟ್ ಆಫೀಸಿನಲ್ಲಿ ಗುಮಾಸ್ತ. ಒಂದು ದಿನ ಚೀಲ ಬಿಚ್ಚಿದರೆ ಮಾವನ ಹೆಸರಿಗೆ ಮಸ್ಕತ್ತಿನ ಲಕೋಟೆ. ಪೋಸ್ಟ್‌ಮ್ಯಾನ್‌ಗೂ ಕೊಡದೆ ನಾನೇ ಓಡಿದೆ. ಮಾವ ಕೈಯೆಲ್ಲ ಗ್ರೀಸ್ ಎಂದು ನೆಪ ಹೇಳಿ ನನ್ನಿಂದಲೇ ಓದಿಸಿದ. ಪತ್ರದಲ್ಲಿ ಇದ್ದದ್ದಿಷ್ಟು: ಬೇಕರಿಯಲ್ಲಿ ಕೆಲಸ, ಸೈಕಲ್ಲಿನ ಮೇಲೆ ಬ್ರೆಡ್ ಹಂಚುವುದು. ಸೈಕಲ್ಲಿನ ಎರಡೂ ಗಾಲಿ ಅಲ್ಲಾಡುತ್ತವೆ. ಇಲ್ಲಿ ಗಾಲಿ ಕೆಟ್ಟರೆ ಬಿಸಾಡುತ್ತಾರೆ, ಬೆಂಡ್ ತೆಗೆಯುವವರು ಒಬ್ಬರೂ ಇಲ್ಲ. ಸಲಾಮ್.

"ಗಾಲಿ ಕಳಸಂತ ಕೇಳ್ಯಾನ" ಅಂದ ಮಾವ.

"ಎಲ್ಲಿ ಕೇಳ್ಯಾರ ಮಾಮಾ? ಹಂಗಂತ ಒಂದು ಸಾಲೂ ಇಲ್ಲ."

"ಬರದಿಲ್ಲ ಅಂದ್ರನ ಕೇಳ್ಯಾನಂತ ಅರ್ಥ. ಬೇಕಾಗಿಲ್ಲಂದ್ರ ಬಾಯಿ ಬಿಟ್ಟು ಕೇಳ್ತಿದ್ದ. ರಸೂಲ್ಯಾ ಎಂಥಾವಂತ ನನಗಿಂತ ನಿನಗ ಗೊತ್ತೇನ್ಲೇ?"

ಮೂರು ದಿನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಪಂಕ್ಚರ್ ಸೈಕಲ್ ನೂಕಿಕೊಂಡೇ ವಾಪಸು ಹೋದರು. ನಾಲ್ಕನೆಯ ದಿನ ಮಾವ ಎರಡೂ ಹೆಗಲಿಗೆ ಒಂದೊಂದು ಹೊಸ ಗಾಲಿ ತಗುಲಿಸಿಕೊಂಡು ನನ್ನ ಕೌಂಟರಿನ ಮುಂದೆ ನಿಂತ. ನಾನು ವಿಮಾನದ ದರ ಹೇಳಿದೆ. ಆ ಹಣಕ್ಕೆ ಇಡೀ ಹೊಸ ಸೈಕಲ್ಲೇ ಬರುತ್ತಿತ್ತು. "ಹಡಗಿನ್ಯಾಗ ಹೋಗ್ಲಿ ಬಿಡು, ಗಾಲಿಗೇನ್ ಅವಸರ?" ಅಂದ. ಹಡಗಿನ ದರ ಅಗ್ಗವೇ, ಆದರೆ ಪಾರ್ಸೆಲ್ಲಿನ ಅಳತೆಗೆ ಮಿತಿಯಿತ್ತು. ನಮ್ಮ ಪೋಸ್ಟ್ ಮಾಸ್ತರರು ಟೇಪು ತಂದು ಅಳೆದು, ಪುಸ್ತಕ ನೋಡಿ, ಮತ್ತೊಮ್ಮೆ ಅಳೆದು, ಆಗುವುದಿಲ್ಲವೆಂದು ತಲೆಯಾಡಿಸಿದರು.

"ನಡುವ ಇರೋದೆಲ್ಲಾ ಬರೇ ಗಾಳಿ ಅದರೀ ಸಾಹೇಬ್ರ" ಅಂದ ಮಾವ. "ಗಾಳಿನೂ ಅಳತಿಗಿ ಹಿಡೀತೀರೇನು?"

ಮಾಸ್ತರರು ಕನ್ನಡಕ ತೆಗೆದು ಶಾಂತವಾಗಿ ಹೇಳಿದರು: "ಹಂಗಾದ್ರ ಗಾಳಿ ಇಲ್ಲೇ ಬಿಡ್ರಿ, ಗಾಲಿ ಅಷ್ಟ ಕಳಸ್ರಿ."

ಬಿಚ್ಚಿ ಕಳಿಸಬಹುದಲ್ಲ ಎಂದು ನಾನು ಸೂಚಿಸಿದೆ. ಮಾವ ನನ್ನನ್ನು ನೋಡಿದ ಬಗೆಯನ್ನು ಏನೆಂದು ಹೇಳಲಿ? ಮೂರು ದಿನ ಕೂತು ಕಟ್ಟಿದ ಗಾಲಿಯನ್ನು ಬಿಚ್ಚುವುದೇ? ಆ ಸಂಜೆ ಅವನು ನಮ್ಮ ಮನೆಗೆ ಚಹಾಕ್ಕೂ ಬರಲಿಲ್ಲ.

ಮುಂದಿನ ಹುಣ್ಣಿಮೆಗೆ ಮಾವ ಗಾಣಗಾಪುರಕ್ಕೆ ಹೊರಟ. ಅಲ್ಲಿಗೆ ಮುಂಬಯಿಯ ಕಡೆಯ ಭಕ್ತರು ಬರುತ್ತಾರೆ, ಅವರಲ್ಲಿ ಒಬ್ಬರಿಗಾದರೂ ಹಡಗಿನವರ ಪರಿಚಯ ಇರದೆ ಹೋದೀತೇ ಎಂಬುದು ಅವನ ಲೆಕ್ಕ. ಗಾಲಿಗಳನ್ನು ಹೆಗಲಿಗೇರಿಸಿ ಬೆಳಗಿನಿಂದ ಗುಡಿಯ ದಾರಿಯಲ್ಲಿ ಅತ್ತಿಂದಿತ್ತ ತಿರುಗಿದ. ಕಂಡಕಂಡವರಿಗೆಲ್ಲ ತನ್ನ ಹರಕುಮುರುಕು ಮರಾಠಿಯಲ್ಲಿ ಹಡಗಿನ ವಿಚಾರ ಕೇಳಿದ. ಅವನ ಮರಾಠಿ ಯಾರಿಗೂ ತಿಳಿಯಲಿಲ್ಲ, ಗಾಲಿಗಳು ಮಾತ್ರ ಎಲ್ಲರಿಗೂ ಕಂಡವು. ಇದು ಯಾವುದೋ ಕಠಿಣ ಹರಕೆ ಇರಬೇಕೆಂದು ಜನ ದಾರಿ ಬಿಟ್ಟರು. ಮುದುಕಿಯೊಬ್ಬಳು ಗಾಲಿಗೆ ಕುಂಕುಮ ಹಚ್ಚಿ ಕೈಮುಗಿದಳು. ಅವಳನ್ನು ನೋಡಿ ಇನ್ನಿಬ್ಬರು. ಮಧ್ಯಾಹ್ನದ ಬಸ್ಸಿಗೆ ಮಾವ ಎರಡು ಗಾಲಿ ಮತ್ತು ಮೂರು ತೆಂಗಿನಕಾಯಿಗಳೊಂದಿಗೆ ಊರಿಗೆ ಮರಳಿದ.

"ಕೆಲಸಾತೇನ್ರಿ?" ಎಂದು ಅತ್ತೆ ಕೇಳಿದಳು.

"ಚಟ್ನಿಗಿ ಆತು" ಅಂದ.

ಅಷ್ಟರಲ್ಲಿ ನಮ್ಮ ಓಣಿಯ ಟೇಲರ್ ಮೌಲಾನಿಗೂ ಮಸ್ಕತ್ತಿನಲ್ಲಿ ಕೆಲಸ ಸಿಕ್ಕ ಸುದ್ದಿ ಬಂತು. ಮಾವ ಅವನ ಮನೆಗೆ ದಿನಕ್ಕೆರಡು ಸಲ ಹೋಗತೊಡಗಿದ. ಮೌಲಾ ಒಳ್ಳೆಯ ಹುಡುಗನಾದರೂ ಒಂದು ಮಾತಿಗೆ ಗಟ್ಟಿಯಾಗಿ ಅಂಟಿಕೊಂಡ: "ತಿನ್ನೋ ಸಾಮಾನಾದ್ರ ಎಷ್ಟರ ಕೊಡ್ರಿ ಕಾಕಾ, ಒಯ್ತೇನಿ. ಕಬ್ಬಿಣದ ಸಾಮಾನು ಒಯ್ಯಂಗಿಲ್ಲ. ಮಂದಿ ನಗ್ತಾರ."

ಮರುದಿನ ಮಾವ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ತಾನು ಕಟ್ಟಿದ ಗಾಲಿಗಳ ಎಪ್ಪತ್ತೆರಡು ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿದ. ಆ ಹೊತ್ತು ಊಟಕ್ಕೆ ಹೋಗಲಿಲ್ಲ. ಆಮೇಲೆ ಎರಡು ಬರಿಯ ರಿಮ್ಮುಗಳನ್ನು ಎತ್ತಿಕೊಂಡು ಬುಟ್ಟಿ ಹೆಣೆಯುವ ಮೇದಾರನಲ್ಲಿಗೆ ನಡೆದು, "ಇವನ್ನ ಕಂಠಕ್ಕ ಹಿಡದು ಎರಡು ಬುಟ್ಟಿ ಹೆಣದು ಕೊಡಪಾ" ಅಂದ.

ಮೇದಾರ ಅವನನ್ನೂ ರಿಮ್ಮುಗಳನ್ನೂ ನೋಡಿದ. "ಬಿದಿರಿನ ಕಂಠ ಸಾಲಂಗಿಲ್ಲೇನ್ರಿ?"

"ಬಿದಿರಿಗಿ ಬೆಂಡ್ ಬರ್ತದ."

ಎಂಥ ಬುಟ್ಟಿಗಳು ಅವು! ಕಂಠಕ್ಕೆ ಬಿದಿರಿನ ಸೀಳು ಸುತ್ತಿದ್ದರಿಂದ ಒಳಗೆ ರಿಮ್ಮಿದೆಯೆಂದು ದೇವರಿಗೂ ತಿಳಿಯುವಂತಿರಲಿಲ್ಲ. ಅತ್ತೆ ಎರಡು ದಿನ ಕೂತು ಖಡಕ್ ರೊಟ್ಟಿ ಬಡಿದಳು. ಬುಟ್ಟಿಗಳ ತುಂಬ ರೊಟ್ಟಿ ಪೇರಿಸಿ, ನಡುವೆ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಎರಡು ಡಬ್ಬಿ ಇಟ್ಟರು. ಗಾಲಿಯ ನಡುವೆ ಕೂರುವ ಎರಡು ಹಬ್ಬುಗಳು ಆ ಹಿಂಡಿಯಲ್ಲಿ ಹೂತುಹೋದವು. ಕಡ್ಡಿಗಳನ್ನು ಕಟ್ಟು ಕಟ್ಟಿ, ಮೇಲೆ ಊದಿನಕಡ್ಡಿಯ ಕಾಗದ ಸುತ್ತಿದ್ದಾಯಿತು.

ಮುಂಬಯಿಯ ರೈಲು ಹಿಡಿಯಲು ಮೌಲಾ ಗುಲ್ಬರ್ಗದ ಬಸ್ಸು ಹತ್ತಿದ. ಮಾವ ಏನೂ ಅರಿಯದವನಂತೆ ಬುಟ್ಟಿಗಳನ್ನು ಬಸ್ಸಿನ ಮೇಲೆ ಕಟ್ಟಿಸಿದ. ಬಸ್ಸು ಹೊರಟ ಮೇಲೆ ಕಿಟಕಿಯ ಜೊತೆ ಓಡುತ್ತ ಸತ್ಯ ಹೇಳಿದ: "ಮೌಲಾ, ರೊಟ್ಟಿ ನೀ ತಿನ್ನು. ಬುಟ್ಟಿ, ಕಡ್ಡಿ, ಡಬ್ಬ್ಯಾಗಿಂದು ರಸೂಲ್ಯಾಗ ಕೊಡು. ಕಬ್ಬಿಣ ಅದ!" ಮೌಲಾನ ಮುಖ ಕಿಟಕಿಯಿಂದ ಹೊರಬಂತು, ಬಾಯಿಯೂ ತೆರೆಯಿತು, ಆದರೆ ಹೇಳಿದ್ದೆಲ್ಲ ಧೂಳಿನಲ್ಲಿ ಹೋಯಿತು.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ಮೌಲಾ ತನ್ನ ತಾಯಿಗೆ ಬರೆದ ಕಾಗದದಿಂದ ಊರೆಲ್ಲ ತಿಳಿಯಿತು. ತಪಾಸಣೆಯ ಅಧಿಕಾರಿ ಡಬ್ಬಿಯಲ್ಲಿ ಕೈಹಾಕಿ ಹಬ್ಬು ಹೊರತೆಗೆದು, ಇದೇನೆಂದು ಕೇಳಿದನಂತೆ. ಹೆದರಿದ ಮೌಲಾ, "ಸಾಹೇಬ್, ನಮ್ಮ ಕಡಿ ಹಿಂಡಿ ಸ್ವಲ್ಪ ಗಟ್ಟಿ ಇರ್ತದ" ಎಂದು ಹಿಂದಿಯಲ್ಲಿ ಹೇಳಿದನಂತೆ. ಅಧಿಕಾರಿ ಮುಂದಿನ ಪ್ರಶ್ನೆ ಕೇಳಲು ಹೋಗಿ ಅದೇ ಕೈಯಿಂದ ಕಣ್ಣುಜ್ಜಿಕೊಂಡ. ನಮ್ಮ ಅತ್ತೆಯ ಹಿಂಡಿಯ ಖಾರ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅವನು ನೀರಿಗಾಗಿ ಓಡಿದ, ಅವನ ಜೊತೆಗಾರ ನಗುತ್ತ ಮೌಲಾನನ್ನು ಮುಂದಕ್ಕೆ ಬಿಟ್ಟ. ವಸ್ತುಗಳು ರಸೂಲನ ಕೈ ಸೇರಿದವೆಂದೂ, ತಾನು ಕಾಕಾನೊಂದಿಗೆ ಇನ್ನೆಂದೂ ಮಾತಾಡುವುದಿಲ್ಲವೆಂದೂ ಕಾಗದ ಮುಗಿದಿತ್ತು.

ಇನ್ನು ರಸೂಲನ ಪತ್ರ ಬರಬೇಕಲ್ಲ? ಬರಲಿಲ್ಲ. ಒಂದು ತಿಂಗಳು, ಎರಡು, ಐದು ತಿಂಗಳಾದವು. ನಿತ್ಯ ಚೀಲ ಬಿಚ್ಚುವ ಹೊತ್ತಿಗೆ ಮಾವ ನನ್ನ ಕೌಂಟರಿಗೆ ಬಂದು ನಿಲ್ಲುತ್ತಿದ್ದ. ಪತ್ರದ ವಿಚಾರ ಕೇಳುತ್ತಿರಲಿಲ್ಲ, ಒಂದು ಕಾರ್ಡು ಕೊಂಡು ಹೋಗುತ್ತಿದ್ದ. "ಯಾರಿಗಿ ಬರೀತೀರಿ ಮಾಮಾ, ದಿನಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ. "ಬರದ್ರ ಬರೀತೇನಿ" ಅಂದ. ಅತ್ತೆ ಹೇಳುವ ಪ್ರಕಾರ ಮನೆಯಲ್ಲಿ ಖಾಲಿ ಕಾರ್ಡುಗಳ ಗಂಟೇ ಬೆಳೆದಿತ್ತು.

"ಕಡ್ಡಿ ಹೆಣಿಯೋದು ಮರತಾನೇನೋ" ಎಂದು ಒಂದು ದಿನ ತನಗೆ ತಾನೇ ಅಂದುಕೊಂಡ. ಆಮೇಲೆ ತುಸು ಮೆತ್ತಗೆ, "ಬಿಚ್ಚಿ ಕಳಿಸಬಾರದಿತ್ತು" ಅಂದ. ಆವತ್ತು ಮೊದಲ ಬಾರಿಗೆ ನನಗೆ ಅವನನ್ನು ನೋಡಿ ನಗು ಬರಲಿಲ್ಲ.

ಆರನೆಯ ತಿಂಗಳಲ್ಲಿ, ಮಧ್ಯಾಹ್ನ ಊಟ ಮುಗಿಸಿ ಆಫೀಸಿಗೆ ಹೋಗುವಾಗ ನಾನು ಅಂಗಡಿಯ ಮುಂದೆ ನಿಂತಿದ್ದೆ. ಗುಲ್ಬರ್ಗದ ಬಸ್ಸು ಬಂತು. ಬಿಳಿ ಅಂಗಿ ತೊಟ್ಟ, ತಲೆ ಸ್ವಲ್ಪ ನೆರೆತ ಒಬ್ಬ ಇಳಿದ. ಒಂದು ಕೈಯಲ್ಲಿ ಸೂಟ್‌ಕೇಸ್, ಹೆಗಲಿನ ಮೇಲೆ ಒಂದು ಸೈಕಲ್ ಗಾಲಿ. ಅಷ್ಟು ಪಡಿಪಾಟಲು ಬಿದ್ದು ಸಮುದ್ರ ದಾಟಿಸಿದ ಎರಡು ಗಾಲಿಗಳಲ್ಲಿ ಒಂದನ್ನು ಈ ಮಹಾರಾಯ ಹೊತ್ತು ವಾಪಸು ತಂದಿದ್ದ! ಸೀದಾ ಬಂದು ಮಾವನ ಮುಂದೆ ಅದನ್ನು ಇಳಿಸಿದ.

"ಹೆಣದೇನಿ" ಅಂದ ರಸೂಲ್. "ಬೆಂಡ್ ಬಂದದ. ಅಲ್ಲಿ ತೆಗಿಯೋರಿಲ್ಲ."

ಮಾವ ಅವನ ಮುಖ ನೋಡಲಿಲ್ಲ. ಗಾಲಿ ಎತ್ತಿ ಬೆಂಡ್ ನೋಡುವ ಕಬ್ಬಿಣದ ಕವೆಗೆ ಸಿಕ್ಕಿಸಿ, ರಿಮ್ಮಿನ ಪಕ್ಕ ಬಳಪದ ತುಂಡು ಹಿಡಿದು, ತಿರುಗಿಸಿದ. ಗಾಲಿ ಎಲ್ಲಿ ಸೊಟ್ಟಗಿದೆಯೋ ಅಲ್ಲಿ ಬಳಪ ತಾಗಿ ಗೆರೆ ಬೀಳಬೇಕು. ಗಾಲಿ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ನಾನು ಬಗ್ಗಿ ನೋಡಿದೆ. ಒಂದು ಗೆರೆಯೂ ಬೀಳಲಿಲ್ಲ.

ಮಾವ ಬಳಪವನ್ನು ಕಿಸೆಗೆ ಹಾಕಿಕೊಂಡ.

"ಭಾಳ ಬೆಂಡ್ ಅದ" ಅಂದ. "ಎಷ್ಟ್ ದಿನ ರಜಾ ನಿಂದು?"

"ನಲವತ್ತೈದು ದಿನ."

"ನಲವತ್ತೈದು ದಿನಾ ಹಿಡೀತದ."

ರಸೂಲ್ ಸೂಟ್‌ಕೇಸನ್ನು ಗೋಡೆಗೆ ಒರಗಿಸಿಟ್ಟು, ಬಿಳಿ ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತ.

"ಸಾವಕಾಶ ಮಾಡು ದೋಸ್ತ" ಅಂದ. "ನನಗೇನ್ ಅವಸರಿಲ್ಲ."