ಬಕೆಟ್ಟಿನಲ್ಲಿ ಗ್ಯಾಸ್ ತುಂಬಿ ಚೆಲ್ಲಿದ್ದು

ಮನೆಗೆ ಹೊಸ ಸಾಮಾನು ಬಂದರೆ ನಮ್ಮ ಕಡೆ ಯಾರೂ ಅದು ಏನು, ಎತ್ತ ಎಂದು ಮೊದಲು ಕೇಳುವುದಿಲ್ಲ. "ಎಲ್ಲಿಡ್ತೀರಿ?" ಎಂದು ಕೇಳುತ್ತಾರೆ. ನಮ್ಮ ಮನೆಗೆ ಫ್ರಿಜ್ಜು ಬಂದಾಗ ಅದು ಪಡಸಾಲೆಯಲ್ಲಿ, ದೇವರ ಫೋಟೋದ ಕೆಳಗೆ ನಿಂತಿತು. ಬಂದವರಿಗೆ ಕಾಣಬೇಡವೇ? ಹೊಲಿಗೆ ಮಷಿನ್ ಹಾಸಿಗೆಗಳ ಹಿಂದೆ ಎಷ್ಟು ಭದ್ರವಾಗಿ ಕೂತಿತೆಂದರೆ, ಬಟ್ಟೆ ಹೊಲಿಸಲು ಅವ್ವ ದರ್ಜಿಯ ಹತ್ತಿರ ಹೋಗುತ್ತಿದ್ದಳು. ಇಂಥ ಅನುಭವಸ್ಥ ಮನೆತನದವರಾದ ನಾವು, ದೋಣಿಯಲ್ಲಿ ಗ್ಯಾಸ್ ಸಿಲಿಂಡರ್ ಎಲ್ಲಿಡಬೇಕು ಎಂಬ ಒಂದೇ ಪ್ರಶ್ನೆಯಲ್ಲಿ ಸ್ವಲ್ಪದರಲ್ಲಿ ಆಕಾಶಕ್ಕೆ ಹಾರಿಹೋಗುತ್ತಿದ್ದೆವು! ಇದನ್ನು ಬರೆಯುವಾಗ ಈಗಲೂ ಎದೆ ಡವಡವ ಎನ್ನುತ್ತದೆ. ಹೆದರಿಕೆಯಿಂದ ಅಂದುಕೊಂಡೀರಿ, ಅಲ್ಲ, ಖುಷಿಯಿಂದ. ಅಷ್ಟು ಗಮ್ಮತ್ತಿನ ಮಧ್ಯಾಹ್ನ ನನ್ನ ಬಾಳಿನಲ್ಲಿ ಮತ್ತೊಂದು ಬಂದಿಲ್ಲ.

ದೋಣಿ ನಮ್ಮ ಮಾಮನದು, ಅಂದರೆ ಅವ್ವನ ತಮ್ಮನದು. ತುಬಚಿ ಕಡೆ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದವನು, ಯಾವ ಯಂತ್ರವನ್ನು ನೋಡಿದರೂ ಇದನ್ನು ಬೇರೆ ಯಾವುದಕ್ಕಾದರೂ ಜೋಡಿಸಬಹುದೇ ಎಂದು ಯೋಚಿಸುವ ಮನುಷ್ಯ. ಆಣೆಕಟ್ಟಿನ ಹಿನ್ನೀರು ಬಂದು ನಿಂತ ಮೇಲೆ ಮಾಮನ ಹೆಂಡತಿ ನೀಲವ್ವ ಅತ್ತೆಯ ತವರೂರು, ಬೀಳಗಿ ಕಡೆಯ ನಮ್ಮ ದಂಡೆಯಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ, ಬಸ್ಸಿಗೆ ಅರ್ಧ ದಿನದಷ್ಟು ದೂರ ಆಗಿತ್ತು. "ಬಸ್ಸಿನ ಹಂಗು ಬ್ಯಾಡ, ನಾ ನಿನ್ನ ತವರಿಗೆ ದೋಣ್ಯಾಗ ಒಯ್ತೀನಿ" ಎಂದು ಮಾಮ ಅತ್ತೆಗೆ ಮಾತು ಕೊಟ್ಟ. ಮುಧೋಳದಲ್ಲಿ ಗಾಣದವರಿಗೆ ಬೆಲ್ಲದ ಕೊಪ್ಪರಿಗೆ ಮಾಡಿಕೊಡುವವನೊಬ್ಬನನ್ನು ಹಿಡಿದು ತಗಡಿನ ದೋಣಿ ಮಾಡಿಸಿದ. ಕುದಿಯುವ ಕಬ್ಬಿನ ಹಾಲು ಒಂದು ಹನಿ ಸೋರದಂತೆ ಬೆಸುಗೆ ಹಾಕುವ ಕೈ ಅದು. ಹಾಯಿಗೆ ಬೇಕಾದ ದಪ್ಪ ಬಟ್ಟೆಯನ್ನು ಬನಹಟ್ಟಿಯ ನೇಕಾರರೊಬ್ಬರು ನೇಯ್ದು ಕೊಟ್ಟರು. ಅವರಿಗೆ ಸೀರೆ ನೇಯ್ದು ಅಭ್ಯಾಸ. ಎರಡೂ ಅಂಚಿಗೆ ಕೆಂಪು ದಡಿ ಬಂದುಬಿಟ್ಟಿತ್ತು. "ದಡಿ ಇಲ್ಲದ ಅರಿವಿ ನೇಯಾಕ ಕೈ ಬರಂಗಿಲ್ರಿ" ಎಂದರಂತೆ. ಹೀಗೆ ನಮ್ಮ ದೋಣಿ ಹಾಯಿ ಬಿಚ್ಚಿದರೆ ದೂರದಿಂದ ಯಾರೋ ಗರತಿ ನೀರಿನ ಮೇಲೆ ನಡೆದು ಬಂದಂತೆ ಕಾಣುತ್ತಿತ್ತು.

ಗಾಳಿ ಇಲ್ಲದಾಗ ಏನು ಮಾಡುವುದು? ಅದಕ್ಕೆ ಮಾಮ ಗುಜರಿಯಿಂದ ದೋಣಿಯ ಹಿಂದೆ ಸಿಕ್ಕಿಸುವ ಹಳೆಯ ಮೋಟರು ತಂದ. ಗ್ಯಾಸಿನ ಮೇಲೆ ವ್ಯಾನು ಓಡುವುದನ್ನು ಜಮಖಂಡಿಯಲ್ಲಿ ನೋಡಿ ಬಂದ ದಿನವೇ ಅದನ್ನು ಗ್ಯಾಸಿಗೆ ತಿರುಗಿಸಿದ. ಜೊತೆಗೆ ಒಂದು ಗಿಡ್ಡ ಸಿಲಿಂಡರು. "ಗ್ಯಾಸ್ ಅನಬ್ಯಾಡಲೇ, ಪ್ರೊಪೇನ್ ಅನ್ನು" ಎಂದು ನನ್ನನ್ನು ತಿದ್ದುತ್ತಿದ್ದ. ಅದರಲ್ಲಿ ಪ್ರೊಪೇನ್ ಎಷ್ಟಿತ್ತೋ, ಮಾಮನ ಬಾಯಲ್ಲಂತೂ ತುಂಬಿ ತುಳುಕುತ್ತಿತ್ತು.

ಇಲ್ಲಿ ನನ್ನದೊಂದು ಚಟವನ್ನು ಒಪ್ಪಿಕೊಳ್ಳಬೇಕು. ನಾನು ಯಾರನ್ನು ಕಂಡರೂ ಅವರಂತೆ ಮಾತಾಡಿ ತೋರಿಸುತ್ತೇನೆ. ಬೀಳಗಿ ಬಸ್ ಸ್ಟ್ಯಾಂಡಿನ ಕಂಡಕ್ಟರು, ಸಾಲಿ ಮಾಸ್ತರು, ಮೂರು ಗೇರುಗಳಲ್ಲಿ ಏರಿಳಿಯುವ ಮಾಮನ ಗೊರಕೆ, ಎಲ್ಲವೂ ನನ್ನ ಗಂಟಲಿನಲ್ಲಿವೆ. ಸಿಲಿಂಡರ್ ಬಂದ ಮೇಲೆ ಹಲ್ಲಿನ ಸಂದಿಯಿಂದ 'ಸುಸ್ಸ್' ಎಂದು ಗ್ಯಾಸ್ ಸೋರುವ ಸಪ್ಪಳವನ್ನೂ ಕಲಿತೆ. ಮಾಮ ಊಟಕ್ಕೆ ಕೂತಾಗ ಒಂದು ಸಲ, ಮಲಗಿದಾಗ ಒಂದು ಸಲ. ಅವನು ಎದ್ದು ಓಡಿಹೋಗಿ ಸಿಲಿಂಡರಿಗೆ ಕಿವಿ ಹಚ್ಚುವುದನ್ನು ನೋಡಿ ಅತ್ತೆ ಸಹ ನಗುತ್ತಿದ್ದಳು.

ಅಷ್ಟರಲ್ಲಿ ಅತ್ತೆಯ ತಮ್ಮನಿಗೆ ಹೆಣ್ಣು ಮಗು ಹುಟ್ಟಿ, ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕಾದವಳು ಸೋದರತ್ತೆಯೇ. ನಮ್ಮ ನೀಲವ್ವ ಅತ್ತೆ ಹೋಗದಿದ್ದರೆ ಕೂಸಿಗೆ ಹೆಸರಿಲ್ಲ. ಮಾಮ ದೋಣಿಯಲ್ಲೇ ಹೋಗೋಣ ಎಂದು ಹಟ ಹಿಡಿದ. ಅತ್ತೆ ಸೆರಗು ಸಿಕ್ಕಿಸಿ ಹೇಳಿದಳು: "ಬರತೀನ್ರಿ. ಆದ್ರ ಮಧ್ಯಾಹ್ನ ಕೂಸು ತೊಟ್ಟಿಲಕ್ಕ ಬೀಳೂದ್ರಾಗ ನಾ ಅಲ್ಲಿರಬೇಕು. ತಪ್ಪಿತಂದ್ರ ಈ ದೋಣಿ ನಾಳಿಂದ ನನ್ನ ಎಮ್ಮಿಗೆ ಹಿಂಡಿ ಹಾಕಾಕ. ಏನಂತೀರಿ?" ಮಾಮ ಮೀಸೆಯ ಮೇಲೆ ಕೈಯಾಡಿಸಿದ.

ಹೊರಡುವ ದಿನ ದಂಡೆಯಲ್ಲಿ ಸಿಲಿಂಡರಿನ ಜಾಗದ ಪಂಚಾಯಿತಿ. ಹುಟ್ಟು ಹಾಕಿ ಜನರನ್ನು ದಾಟಿಸುವ ಅಂಬಿಗರ ಹನಮಂತ ಕಾಕಾ ತನ್ನ ದೋಣಿಯಿಂದಲೇ ಕೂಗಿದ: "ಅದನ್ನ ಹೊರಗ ಹಿಂದಕ ಕಟ್ರೀ, ಗಾಳಿ ಆಡ್ಲಿ." ಮಾಮನಿಗೆ ಅದು ರುಚಿಸಲಿಲ್ಲ. ಬಿಸಿಲು ಬಡಿಯುತ್ತದೆ, ನೀರು ಸಿಡಿಯುತ್ತದೆ, ಹೋಗುವವರ ಬರುವವರ ದೃಷ್ಟಿ ಬೀಳುತ್ತದೆ! ಬಂಗಾರ ಇಟ್ಟ ಹಾಗೆ ದೋಣಿಯ ಮೂತಿಯ ಕಡೆ, ಕೆಳಗೆ ಹೊಟ್ಟೆಯಲ್ಲಿ ಇಟ್ಟು, ಸುತ್ತ ಗೋಣಿಚೀಲ ತುರುಕಿ, ಮೇಲೆ ಹಲಗೆ ಮುಚ್ಚಿದ. ರಬ್ಬರ್ ಪೈಪು ಹಲಗೆಯ ಅಂಚಿನಿಂದ ಹೊರಬಂದು ಹಿಂದಿನ ಮೋಟರಿಗೆ ಹೋಯಿತು. ಅತ್ತೆ ಸಿಲಿಂಡರಿಗೆ ಅರಿಶಿನ ಕುಂಕುಮ ಹಚ್ಚಿದಳು. ನಾನೇನು ಮಾಡಿದೆ? "ಭಾರೀ ಆತು ಮಾಮಾ!" ಎಂದು ಶಹಬ್ಬಾಸ್ ಕೊಟ್ಟು, ಆ ಹಲಗೆಯ ಮೇಲೆ ಮೆತ್ತಗೆ ಕೂತುಬಿಟ್ಟೆ. ದೋಣಿಯಲ್ಲಿ ಅದಕ್ಕಿಂತ ಸುಖದ ಜಾಗ ಇರಲಿಲ್ಲ.

ಅಬ್ಬಾ, ಆ ಹೊರಡುವಿಕೆ! ಮೋಟರು ಮೊದಲ ಜಗ್ಗಿಗೇ ಶುರುವಾಯಿತು. ಹಿನ್ನೀರು ಎರಡೂ ಕಡೆ ಸೀಳಿಕೊಂಡು ಸರಿಯಿತು. ಬೆಳ್ಳಕ್ಕಿಗಳು ಎದ್ದವು. ಹನಮಂತ ಕಾಕಾನ ದೋಣಿಯನ್ನು ಹಿಂದೆ ಹಾಕಿದಾಗ ಮಾಮ ಎದ್ದು ನಿಂತು ಕೈ ಬೀಸಿದ. ನಾನು ಕಂಡಕ್ಟರನ ದನಿಯಲ್ಲಿ "ಹೋಲ್ಡಾನ್! ಯಾರ್ರೀ ಅಲ್ಲಿ ನಿಂತವ್ರು, ಒಳಗ ಸರೀರಿ!" ಎಂದೆ. ಅತ್ತೆ ಮಡಿಲಲ್ಲಿ ಕೂಸಿನ ಅಂಗಿ, ಉಂಡಿಯ ಡಬ್ಬಿ, ತವರಿಗೆಂದು ಕೊಂಡ ಹೊಸ ಮೊರ ಇಟ್ಟುಕೊಂಡು ಹುಡುಗಿಯ ಹಾಗೆ ನಗುತ್ತಿದ್ದಳು.

ನಡು ನೀರಿಗೆ ಬಂದಾಗ ಅತ್ತೆ, "ಬಂದ್ ಮಾಡ್ರಿ, ಗಂಗವ್ವಗ ಕರ್ಪೂರ ಬೆಳಗತೀನಿ" ಎಂದಳು. ಹೊಳೆ ದಾಟುವವರು ನಡುವೆ ನಿಂತು ಆರತಿ ಬೆಳಗಿ ಮುಂದೆ ಹೋಗುವುದು ಅವರ ತವರಿನ ಪದ್ಧತಿ. ಮೋಟರು ನಿಂತಿತು. ಗಾಳಿಯೂ ನಿಂತಿತು. ಎಲೆಯ ಮೇಲೆ ಕರ್ಪೂರ ಇಟ್ಟು ಅತ್ತೆ ಕಡ್ಡಿಪೆಟ್ಟಿಗೆ ತೆಗೆದಳು. ಆಗ ನನಗೆ ಕೆಳಗಿನಿಂದ 'ಸುಸ್ಸ್' ಎಂದು ಕೇಳಿತು.

"ಮಾಮಾ, ಗ್ಯಾಸ್ ಸೋರಾಕತ್ತೈತಿ!"

"ನಿನ್ನ ಬಾಯಿ ಸೋರಾಕತ್ತೈತಿ. ಸುಮ್ ಕುಂದರಲೇ ಮಂಗ್ಯಾ."

"ಖರೇನ ಮಾಮಾ! ವಾಸನಿ ನೋಡು!"

"ಅದು ಮೀನಿನ ವಾಸನಿ."

ಅತ್ತೆ ಕಡ್ಡಿಯನ್ನು ಪೆಟ್ಟಿಗೆಗೆ ಹಚ್ಚಿದಳು. ನಾನು ಮುಂದೆ ಹಾರಿ ಕಡ್ಡಿ, ಪೆಟ್ಟಿಗೆ ಎರಡನ್ನೂ ಕಿತ್ತು ನೀರಿಗೆ ಎಸೆದೆ. ಅತ್ತೆಯ ಕೈಯಿಂದ ಕಪಾಳಕ್ಕೆ ಒಂದು ಬಿತ್ತು. "ಗಂಗವ್ವನ ಆರತಿ ಕಸಗೊಂಡ್ಯಾ, ಭಾಡ್ಯಾ!" ಎಂದವಳು ಎರಡನೆಯದಕ್ಕೆ ಕೈ ಎತ್ತಿ ಹಾಗೆಯೇ ನಿಂತಳು. ಮೂಗು ಅರಳಿತು. ದಿನಾ ಒಲೆಯ ಮುಂದೆ ನಿಲ್ಲುವವರ ಮೂಗು ಅದು. "ಏನ್ರೀ, ಮೀನಲ್ಲ ಇದು. ಮೊದ್ಲ ಕಾಕ್ ಬಂದ್ ಮಾಡ್ರಿ!"

ಹಲಗೆ ಎತ್ತಿ ಮಾಮ ಸಿಲಿಂಡರಿನ ಕಾಕ್ ತಿರುವಿ ಬಂದ್ ಮಾಡಿದ. ಪೈಪು ಹಲಗೆಯ ಅಂಚಿಗೆ ಸಿಕ್ಕು ಸೀಳಿತ್ತು. ಪೈಪಿನ ಮೇಲೆ ಹಲಗೆ, ಹಲಗೆಯ ಮೇಲೆ ನಾನು. ಮಾಮ ಪೈಪನ್ನು ನೋಡಿದ, ನನ್ನ ಕುಂಡೆಯನ್ನು ನೋಡಿದ. ನಂತರ ಧೈರ್ಯ ತಂದುಕೊಂಡು, "ಆತ್ ಬಿಡು, ಗ್ಯಾಸ್ ಮ್ಯಾಲ ಹಾರಿ ಹೋಗತೈತಿ" ಎಂದು ಮೋಟರಿನ ಹಗ್ಗಕ್ಕೆ ಕೈ ಹಾಕಿದ.

"ಕೈ ತಗೀರಿ!" ಅತ್ತೆ ಗದರಿದ ಗದರಿಕೆಗೆ ದೋಣಿಯೇ ಅಲುಗಿತು. "ಮ್ಯಾಲ ಹಾರಾಕ ಇದೇನ್ ಜಾತ್ರಿ ಪುಗ್ಗಾ ಐತೇನು? ಗ್ಯಾಸ್ ನೆಲಾ ಹಿಡದ ಕುಂದರತೈತಿ. ಮನ್ಯಾಗಾದ್ರ ಬಾಗಲಾ ತಗದ್ರ ಹೊಸ್ತಲಾ ದಾಟಿ ಹೋಗತೈತಿ. ಇಲ್ಲಿ ಬಾಗಲಾ ಎಲ್ಲೈತಿ, ತೋರಿಸ್ರಿ ನೋಡೂಣು!"

ಮಾಮ ತನ್ನ ದೋಣಿಯನ್ನು ಸುತ್ತ ನೋಡಿದ. ಒಂದು ಹನಿ ನೀರು ಒಳಗೆ ಬಾರದ ದೋಣಿ. ಒಂದು ಉಸಿರು ಗ್ಯಾಸೂ ಹೊರಗೆ ಹೋಗದ ದೋಣಿ. ಮುಧೋಳದ ಆ ಪುಣ್ಯಾತ್ಮ ಸ್ವಲ್ಪ ಕಳಪೆ ಬೆಸುಗೆ ಹಾಕಿದ್ದರೆ ಮುಳುಗಿಯಾದರೂ ಬದುಕಬಹುದಿತ್ತು.

"ಗೋರಿ ಚೆಲ್ರಿ" ಎಂದಳು ಅತ್ತೆ. ನನಗೆ ಪ್ಲಾಸ್ಟಿಕ್ ಬಕೆಟ್ಟು ಕೊಟ್ಟಳು, ಮಾಮನಿಗೆ ಉಂಡಿಯ ಡಬ್ಬಿಯ ಮುಚ್ಚಳ ಕೊಟ್ಟಳು, ತಾನು ಹೊಸ ಮೊರ ಹಿಡಿದಳು. ಮೂವರೂ ಬಗ್ಗಿ, ಒಣ ಒಣ ದೋಣಿಯ ತಳದಿಂದ ಕಣ್ಣಿಗೆ ಕಾಣದ್ದನ್ನು ಗೋರಿ ಗೋರಿ ನೀರಿಗೆ ಸುರಿಯತೊಡಗಿದೆವು. ಬಕೆಟ್ಟು ತುಂಬಿತೋ ಇಲ್ಲವೋ ಎಂದು ನಾನು ಇಣುಕಿ ಬೇರೆ ನೋಡುತ್ತಿದ್ದೆ! ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಹನಮಂತ ಕಾಕಾನ ದೋಣಿ, ಜನ ತುಂಬಿಕೊಂಡು ಪಕ್ಕಕ್ಕೆ ಬಂತು.

"ಏನ್ ಚೆಲ್ಲಾಕತ್ತೀಯೋ ತಮ್ಮಾ? ನೀರ ಕಾಣವಲ್ದಲ್ಲ!"

"ಗ್ಯಾಸ್, ಕಾಕಾ."

"ಒಂದ್ ಬಕೆಟ್ ಈ ಕಡೆ ಕೊಡು, ಚಾ ಕಾಸ್ಕೋತೀವಿ!"

ಆ ದೋಣಿಯಲ್ಲಿ ಎದ್ದ ನಗೆಗೆ ಬೆಳ್ಳಕ್ಕಿಗಳು ಮತ್ತೊಮ್ಮೆ ಎದ್ದವು. ಊರನ್ನೆಲ್ಲ ಆಡಿ ತೋರಿಸಿದ ನಾನು ತಲೆ ಬಗ್ಗಿಸಿ ಗೋರಿದೆ. ಅತ್ತೆ ಮಾತ್ರ ಮೊರ ನಿಲ್ಲಿಸದೆ, "ನಗೂ ಮಂದಿ ಬೀಡಿ ಆರಿಸಿ ನಗ್ರಿ!" ಎಂದು ಕೂಗಿದಳು. ಆ ದೋಣಿ ಎಷ್ಟು ಬೇಗ ದೂರ ಸರಿಯಿತೆಂದರೆ, ಹುಟ್ಟಿಗೆ ಮೋಟರು ಕಟ್ಟಿದ್ದಾರೇನೋ ಅನ್ನಿಸಿತು.

ಹೊತ್ತು ನೆತ್ತಿಗೆ ಬಂದಿತ್ತು. ವಾಸನೆ ಹೋಯಿತು, ಆದರೆ ಪೈಪು ಸೀಳಿದ ಮೋಟರು ಸತ್ತಂತೆಯೇ. ಆಚೆ ದಂಡೆಯಿಂದ ಡೊಳ್ಳಿನ ಸಪ್ಪಳ ಸಣ್ಣಗೆ ಕೇಳುತ್ತಿತ್ತು. ಮಾಮ ಎಮ್ಮೆಯನ್ನು ನೆನೆಸಿಕೊಂಡನೋ ಏನೋ, ಮುಖ ಸಣ್ಣದಾಯಿತು. ಅತ್ತೆ ಕಡ್ಡಿಯಿಲ್ಲದ ಕರ್ಪೂರವನ್ನು ಎಲೆಯ ಸಮೇತ ನೀರಿಗೆ ಬಿಟ್ಟು, "ತಪ್ಪಾತವ್ವ, ಹಿಂಗ ತಗೋ" ಎಂದು ಕೈ ಮುಗಿದಳು. ಎಲೆ ತೇಲುತ್ತ ತಿರುಗಿತು. ನೀರಿನ ಮೇಲೆ ಸಣ್ಣ ಸುಕ್ಕು ಓಡಿ ಬಂತು. ಗಾಳಿ! ಮಾಮನೂ ನಾನೂ ಒಬ್ಬರ ಕಾಲು ಒಬ್ಬರು ತುಳಿಯುತ್ತ ಹಾಯಿ ಎಳೆದೆವು. ಬನಹಟ್ಟಿಯ ಕೆಂಪು ದಡಿ ಬಿಗಿದು ನಿಂತಿತು. ದೋಣಿ ಹೊರಟಿತು ನೋಡಿ, ಸಪ್ಪಳವಿಲ್ಲದೆ, ಸೊಂಟ ವಾಲಿಸಿಕೊಂಡು! ಮೂವರೂ ಕಿರುಚುತ್ತಿದ್ದೆವು, ಏನೆಂದು ನಮಗೇ ಗೊತ್ತಿರಲಿಲ್ಲ.

ಕೂಸನ್ನು ತೊಟ್ಟಿಲಿನ ಕೆಳಗೆ ಮೇಲೆ ದಾಟಿಸುತ್ತಿರುವಾಗ ಅತ್ತೆ ಒದ್ದೆ ಕಾಲಿನಲ್ಲೇ ಒಳಗೆ ನುಗ್ಗಿದಳು. ಕಿವಿಯಲ್ಲಿ 'ಕುರ್ರ್' ಎಂದಳು, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಿದರು. ಅಷ್ಟು ಖುಷಿಯಿಂದ ಗುದ್ದಿಸಿಕೊಂಡವರನ್ನು ನಾನು ನೋಡಿಲ್ಲ. ಬಾಗಿಲಲ್ಲಿ ನಿಂತ ಮಾಮನಿಗೆ ಅಲ್ಲಿಂದಲೇ ತೀರ್ಪು ಹೇಳಿದಳು: "ದೋಣಿ ಇರ್ಲಿ. ಸಿಲಿಂಡರ್ ಹೊರಗ!"

ಈಗ ಸಿಲಿಂಡರಿಗೆ ದೋಣಿಯ ಹಿಂಬದಿ, ಅಂಚಿನ ಹೊರಗೆ, ಸುತ್ತ ಕಿಂಡಿಗಳಿರುವ ತಗಡಿನ ಗೂಡು ಇದೆ. ನೆಟ್ಟಗೆ ನಿಂತು, ಗಾಳಿ ತೆಗೆದುಕೊಳ್ಳುತ್ತ, ತಲೆಯ ಮೇಲೆ ನೆರಳಿಗೊಂದು ಹಲಗೆಯನ್ನೂ ಇಟ್ಟುಕೊಂಡು ಸಾಹೇಬರ ಹಾಗೆ ಬರುತ್ತದೆ. ಸೋರಿದರೂ ಹೊಳೆಯ ಮೇಲೆ ಸೋರಿ ಹೋಗುತ್ತದೆ. ಆದರೆ ಮೋಟರು, ಸಿಲಿಂಡರು ಎರಡೂ ಹಿಂದೆ ಬಿದ್ದದ್ದರಿಂದ ದೋಣಿಯ ಮೂತಿ ಮೇಲೆದ್ದಿತು. "ಮುಂದ ಒಂದೀಟ ತೂಕ ಬೇಕು" ಎಂದ ಮಾಮ. ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ತಿರುಗಿದರು. ಅಂದಿನಿಂದ ನನ್ನ ಜಾಗ ಮೂತಿಯ ತುತ್ತತುದಿ. ಪ್ರತಿ ತೆರೆಯೂ ಮೊದಲು ನನ್ನ ಮುಖ ತೊಳೆದು ನಂತರ ಮುಂದೆ ಹೋಗುತ್ತದೆ. ಗ್ಯಾಸ್ ತೀರಿದಂತೆ ಹಿಂದಿನ ತೂಕ ಇಳಿಯುವುದರಿಂದ ನಾನೂ ಗೇಣು ಗೇಣು ಹಿಂದಕ್ಕೆ ಸರಿಯಬೇಕು. ಮೊನ್ನೆ ದಂಡೆಯಲ್ಲಿ ಯಾರೋ, ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂಬುದು ಹೇಗೆ ತಿಳಿಯುತ್ತದೆ ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನ ಕಡೆ ಬೆರಳು ತೋರಿಸಿ, "ಅಂವಾ ಎಲ್ಲಿ ಕುಂತಾನ ನೋಡ್ರಿ, ಇನ್ನ ಅರ್ಧಾ ಐತಿ" ಎಂದಳು.